ದೇವರಗುಡ್ಡದ ನವರಾತ್ರಿಯೂ ಹೊರನಾಡ ಕನ್ನಡಿಗರೂ

ನವರಾತ್ರಿ ಸಮೀಪಿಸಿತೆಂದರೆ ಮುಂಬಯಿಯಲ್ಲಿ ನೆಲೆಸಿದ ಧಾರವಾಡ ಸೀಮೆಯ ಎಷ್ಟೋ ಮನೆಗಳಲ್ಲಿ ರಜೆಯ ಮಾತು, ಟಿಕೇಟಿನ ಮಾತು, ಬುತ್ತಿಯ ಮಾತು ಮೊದಲಾಗುತ್ತದೆ. ಮೈಲಾರಲಿಂಗನು ಮನೆದೇವರಾಗಿರುವವರಿಗೆ ದೇವರಗುಡ್ಡದ ಮಾಲತೇಶನ ದರ್ಶನವಾಗದೆ ವರುಷ ತುಂಬಿದಂತೆನಿಸುವುದಿಲ್ಲ. ಇಂಥ ಯಾತ್ರೆಯನ್ನು ಬರಿಯ ಹರಕೆಯೆಂದೋ ಊರಿನ ಹಂಬಲವೆಂದೋ ಎಣಿಸುವುದು ವಾಡಿಕೆ. ಆದರೆ ಕನ್ನಡ ನಾಡು ಒಂದಾದ ಕಥೆಗೂ ಈ ಹಾದಿಗೂ ಹತ್ತಿರದ ನಂಟಿದೆ. ರಾಜ್ಯೋತ್ಸವದ ಈ ಸಂದರ್ಭದಲ್ಲಿ ಅದನ್ನು ನೆನೆಯುವುದು ಉಚಿತ.

ದೇವರಗುಡ್ಡವು ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಮಣಿ, ಮಲ್ಲರೆಂಬ ದೈತ್ಯರನ್ನು ಸಂಹರಿಸಲು ಶಿವನು ತಾಳಿದ ರೂಪವೇ ಮೈಲಾರನೆಂದು ಭಕ್ತರ ನಂಬಿಕೆ. ಜಾತ್ರೆಗೆ ಕರಿಯ ಕಂಬಳಿಯುಟ್ಟ ಗೊರವರು ಡಮರುಗ ಬಾರಿಸುತ್ತ ಬರುತ್ತಾರೆ. ಮನೆಮಂದಿಯೆಲ್ಲ ಸೇರಿ ಅವರ ದೋಣಿಗೆ ಹಾಲು, ಬಾಳೆಯಹಣ್ಣು, ಸಕ್ಕರೆ ಸುರಿಯುತ್ತಾರೆ. ತಾವು ದೇವರ ನಾಯಿಗಳೆಂಬ ಭಾವದಿಂದ ಗೊರವರು ಅದನ್ನು ಬಾಯಿಂದಲೇ ಉಣ್ಣುತ್ತಾರೆ. ಹಣೆಗೆಲ್ಲ ಭಂಡಾರ, ಎಲ್ಲರ ಬಾಯಲ್ಲಿಯೂ ‘ಏಳುಕೋಟಿ’ಯ ಘೋಷ.

ಆಯುಧಪೂಜೆಯ ದಿನ ನಡೆಯುವ ಕಾರ್ಣಿಕವೇ ಜಾತ್ರೆಯ ಜೀವಾಳ. ಉಪವಾಸ ವ್ರತ ಹಿಡಿದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಆ ಒಂದು ಮಾತಿಗೆ ನೆರೆದ ಜನಸಾಗರ ಮೌನವಾಗುತ್ತದೆ. ಆತನು ಚಿಕ್ಕದೊಂದು ವಾಕ್ಯವನ್ನು ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮುಂಗಾರಿ ಪೈರು ಹೊಲದಲ್ಲಿ ನಿಂತು, ಹಿಂಗಾರಿ ಜೋಳದ ಬಿತ್ತನೆಯ ಚಿಂತೆ ಹತ್ತಿರುವ ಕಾಲವದು. ಆದುದರಿಂದ ರೈತನು ಆ ವಾಕ್ಯದಲ್ಲಿ ಮಳೆಬೆಳೆಯನ್ನು ಹುಡುಕುತ್ತಾನೆ. ಪೇಟೆಯವನು ರಾಜಕಾರಣವನ್ನು ಹುಡುಕುತ್ತಾನೆ. ಭವಿಷ್ಯ ನಿಜವಾಗುವುದೋ ಇಲ್ಲವೋ ಎಂಬುದು ಬೇರೆ ಮಾತು. ಸಾವಿರಾರು ಜನ ಉಸಿರು ಬಿಗಿಹಿಡಿದು ಒಂದು ಕನ್ನಡ ವಾಕ್ಯಕ್ಕಾಗಿ ಕಾಯುವ ನೋಟ ಮಾತ್ರ ಅಪರೂಪವಾದುದು.

ಇನ್ನು ಇತಿಹಾಸ. 12ನೆಯ ಶತಮಾನದ ಕವಿ ಬ್ರಹ್ಮಶಿವನ ‘ಸಮಯಪರೀಕ್ಷೆ’ಯಲ್ಲಿಯೇ ಮೈಲಾರನ ಪ್ರಸ್ತಾಪವಿದೆ, ಎಂದರೆ ಈ ಆರಾಧನೆ ಅಷ್ಟು ಹಳೆಯದು. ಆದರೆ ಒಂದೇ ದೇವರ ಕ್ಷೇತ್ರಗಳು ಕಾಲಾಂತರದಲ್ಲಿ ಹಲವು ಸರಕಾರಗಳ ಪಾಲಾದವು. ದೇವರಗುಡ್ಡವು ಧಾರವಾಡ ಜಿಲ್ಲೆಯೊಡನೆ ಮುಂಬಯಿ ಪ್ರಾಂತದಲ್ಲಿತ್ತು. ಭಾರತ ಹುಣ್ಣಿಮೆಯ ಕಾರ್ಣಿಕಕ್ಕೆ ಹೆಸರಾದ ಮೈಲಾರವು ತುಂಗಭದ್ರೆಯ ಆಚೆ, ಬಳ್ಳಾರಿ ಜಿಲ್ಲೆಯೊಡನೆ, 1953ರ ವರೆಗೆ ಮದ್ರಾಸಿಗೆ ಸೇರಿತ್ತು. ಯಾದಗಿರಿ ಬಳಿಯ ಮೈಲಾಪುರವೂ ಬೀದರ ಬಳಿಯ ಮೈಲಾರವೂ ಹೈದರಾಬಾದಿನಲ್ಲಿದ್ದವು. ನಕ್ಷೆಯಲ್ಲಿ ಗೆರೆಗಳು ಬಿದ್ದರೂ ಭಕ್ತರ ಬಂಡಿಗಳು ನಿಲ್ಲಲಿಲ್ಲ. 1956ರ ನವೆಂಬರ 1ರಂದು ಈ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದಾಗ, ಜಾತ್ರೆಯ ಜನ ಬಹು ಹಿಂದಿನಿಂದ ನಡೆಯುತ್ತಿದ್ದ ದಾರಿಯನ್ನು ಸರಕಾರವು ಒಪ್ಪಿಕೊಂಡಂತಾಯಿತು. ಏಕೀಕರಣದ ಹಿರಿಯರ ತ್ಯಾಗ ಇದರಿಂದ ಕಿರಿದಾಗುವುದಿಲ್ಲ. ಅವರ ಮಾತು ಹಳ್ಳಿಗನ ಮನಸ್ಸಿಗೆ ಏಕೆ ತಟ್ಟಿತೆಂಬುದು ತಿಳಿಯುತ್ತದೆ.

ಈ ನಂಟು ಕನ್ನಡದ ಗಡಿಯಲ್ಲಿಯೇ ಮುಗಿಯುವುದಿಲ್ಲ. ಮಹಾರಾಷ್ಟ್ರದ ಜೇಜುರಿಯ ಖಂಡೋಬನೂ ನಮ್ಮ ಮೈಲಾರನೂ ಒಂದೇ ದೈವ. ಇಲ್ಲಿ ಕುರುಬರಿಗೆ ಆತ ಹೇಗೋ ಅಲ್ಲಿ ಧನಗರರಿಗೂ ಹಾಗೆಯೇ. ಇಲ್ಲಿಯ ವಗ್ಗಯ್ಯನೇ ಅಲ್ಲಿಯ ವಾಘ್ಯಾ. ಜೇಜುರಿಯಲ್ಲಿ ಮರಾಠಿ ಭಕ್ತರು ‘ಯೇಳಕೋಟ ಯೇಳಕೋಟ’ ಎಂದು ಕೂಗುವಾಗ, ಅದು ನಮ್ಮ ‘ಏಳು ಕೋಟಿ’ಯೇ ಎಂಬುದನ್ನು ಅರಿತವರು ವಿರಳ. ಮರಾಠಿಯ ರಾ. ಚಿಂ. ಢೇರೆಯವರೂ ಜರ್ಮನಿಯ ಸೊಂಥೈಮರರೂ ಈ ದೈವದ ಅಧ್ಯಯನಕ್ಕೆ ಬಹಳ ದುಡಿದಿದ್ದಾರೆ. ನಾವು ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆಗಳಿಗೆ ಬರುವ ಬಹು ಮೊದಲೇ ಕನ್ನಡದ ಆ ಎರಡು ಶಬ್ದಗಳು ಇಲ್ಲಿಗೆ ಬಂದು ಮನೆಮಾಡಿದ್ದವು!

ನಮ್ಮ ರೈಲು ಹಾದಿಯೂ ಈ ಸಂಬಂಧವನ್ನೇ ಹೇಳುತ್ತದೆ. ಮುಂಬಯಿಯಿಂದ ಹೊರಟವರಿಗೆ ಪುಣೆಯಾದ ಮೇಲೆ ಜೇಜುರಿ, ಅನಂತರ ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ಬ್ಯಾಡಗಿ. ಅದರ ಮುಂದೆ ದೇವರಗುಡ್ಡದ ಸಣ್ಣ ನಿಲ್ದಾಣ. ಹಿಂದಿನವರು ಪುಣೆಯಲ್ಲಿ ದೊಡ್ಡ ಹಳಿಯ ಗಾಡಿಯಿಂದಿಳಿದು, ಗಂಟುಮೂಟೆ, ಮಕ್ಕಳೊಡನೆ ಮೀಟರಗೇಜಿನ ಗಾಡಿ ಹತ್ತಬೇಕಾಗಿತ್ತು. 1970ರ ದಶಕದಲ್ಲಿ ಆ ಬದಲಾವಣೆಯ ತಾಣ ಮೀರಜಕ್ಕೆ ಸರಿಯಿತು. 1990ರ ದಶಕದಲ್ಲಿ ಮೀರಜದ ಆಚೆಯ ಹಳಿಯೂ ಅಗಲವಾಗಿ ಆ ತೊಂದರೆ ತೀರಿತು. ಕಷ್ಟವಿದ್ದಾಗ ತಪ್ಪದ ಯಾತ್ರೆ ಸೌಕರ್ಯ ಬಂದ ಮೇಲೆ ತಪ್ಪುತ್ತಿರುವುದು ಸೋಜಿಗವೇ ಸರಿ. ಮಕ್ಕಳ ಪರೀಕ್ಷೆ, ಸಿಗದ ರಜೆ, ಊರಲ್ಲಿ ಬಾಗಿಲು ಹಾಕಿದ ಮನೆ, ಹೀಗೆ ಕಾರಣಗಳು ಹಲವು. ಅವು ಸುಳ್ಳೂ ಅಲ್ಲ.

ಕಾರ್ಣಿಕವನ್ನು ಈಗ ಮನೆಯಲ್ಲಿ ಕುಳಿತೇ ನೋಡಬಹುದು. ಆದರೆ ಅದರ ಒಂದು ವಾಕ್ಯಕ್ಕೆ ಅಜ್ಜ ಒಂದರ್ಥ, ಸೋದರಮಾವ ಇನ್ನೊಂದರ್ಥ ಹೇಳಿ, ಬುತ್ತಿ ಬಿಚ್ಚಿ ಕುಳಿತಲ್ಲಿ ನಡೆಯುವ ಚರ್ಚೆ ಅಲ್ಲಿಯೇ ಸಿಗಬೇಕು. ನಗರದಲ್ಲಿ ಹುಟ್ಟಿದ ಮಗು ‘ಹಾಗೆಂದರೇನು?’ ಎಂದು ಕೇಳುವುದೂ ಅಲ್ಲಿಯೇ. ಕನ್ನಡದ ಎಷ್ಟೋ ಮಾತುಗಳು ಅಂಥ ಪ್ರಶ್ನೆಯ ಬೆನ್ನಿಗೇ ಮಕ್ಕಳ ನಾಲಗೆಗೆ ಹತ್ತುತ್ತವೆ. ಪ್ರತಿ ವರುಷ ಆಗದವರು ಎರಡು ಮೂರು ವರುಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆದೊಯ್ಯಲಿ; ಹಿಂದಿರುಗುವಾಗ ಜೇಜುರಿಯಲ್ಲಿ ಇಳಿದು ಮರಾಠಿ ಬಾಂಧವರ ನಡುವೆ ನಿಂತು ಆ ಘೋಷವನ್ನು ಕೇಳಿಸಲಿ. ತಾಯ್ನಾಡೂ ನೆಲೆಸಿದ ನಾಡೂ ಅಷ್ಟು ದೂರವಿಲ್ಲವೆಂಬುದು ಮಕ್ಕಳಿಗೆ ತಾನಾಗಿ ತಿಳಿದೀತು.