ಅಟ್ಟಣೆಯಿಂದ ಹಕ್ಕಿಮರೆಗೆ

ಮರೆಯಲ್ಲಿ ಕುಳಿತು ಹಕ್ಕಿ ನೋಡುವ ಮರದ ತಾಣಕ್ಕೆ ಕನ್ನಡ ನಾಡಿನಲ್ಲಿ ಹಿರಿಯನಂತಿರುವುದು ಹೊಲದ ಅಟ್ಟಣೆ, ಅಂದರೆ ತೆನೆಗೆ ಎರಗುವ ಹಕ್ಕಿಗಳನ್ನು ಕವಣೆಕಲ್ಲಿನಿಂದ ಓಡಿಸಲು ಕವಲುಗಂಬಗಳ ಮೇಲೆ ಗಳು ಹಾಸಿ, ಹಗ್ಗದಿಂದ ಬಿಗಿದು, ಹುಲ್ಲು ಹೊದಿಸಿದ ಎತ್ತರದ ಕಾವಲುತಾಣ. ಆಸುಪಾಸಿನ ಮರ, ಹುಲ್ಲುಗಳಿಂದಲೇ ಕಟ್ಟಿದ ಅದು ಬಿಸಿಲು ಮಳೆಗೆ ಬೂದುಬಣ್ಣ ತಳೆದು ಹೊಲದಲ್ಲಿ ಬೆರೆತುಹೋಗುತ್ತಿತ್ತು; ಇಂದಿನ ಹಕ್ಕಿಮರೆಗಳಿಗೂ ಬಣ್ಣ ಬಳಿಯದ ಮರವೇ ಒಪ್ಪುವುದು ಇದೇ ಕಾರಣಕ್ಕೆ. ಹಕ್ಕಿಯನ್ನು ಓಡಿಸುವ ಕಾವಲು ಹಕ್ಕಿಯನ್ನೇ ಕಾಯುವ ಕಾವಲಾದ ಬದಲಾವಣೆಯಲ್ಲಿ 1940 ದೊಡ್ಡ ವರ್ಷ: ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರ ಒತ್ತಾಸೆಯಿಂದ ಕಾವೇರಿಯ ನಡುವಿನ ರಂಗನತಿಟ್ಟು ಪಕ್ಷಿಧಾಮವಾಯಿತು. ಬಸವನಗುಡಿಗೆ ಹೊಂದಿಕೊಂಡ ಲಾಲ್‌ಬಾಗಿನ ಕೆರೆಯಂಚಿನಲ್ಲಾದರೋ ದುರ್ಬೀನು ಹಿಡಿದವರಿಗೆ ಮುದಿಮರದ ಬೊಡ್ಡೆಯೇ ಮರೆಯಾಗುತ್ತದೆ. ಅದರ ಹಿಂದೆ ಅಲುಗದೆ ನಿಂತವರಿಗೆ, ನೀರಿನಿಂದೆದ್ದ ಹಾವಕ್ಕಿ ಕೊಂಬೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ಕಾಣಸಿಗುತ್ತದೆ.