ಹೂಳೆತ್ತುವವರು ಯಾರು? ತುಂಗಭದ್ರಾ ಕಾಲುವೆಗಳಲ್ಲಿ ಸಾರ್ವಜನಿಕ ಸರಕು ಮತ್ತು ರೈತರ ಲೆಕ್ಕಾಚಾರ

ಒಬ್ಬ ಬಳಸಿದರೆ ಇನ್ನೊಬ್ಬನ ಪಾಲು ಕುಗ್ಗದ ವಸ್ತುವನ್ನು ಪಾಲ್ ಸ್ಯಾಮುಯೆಲ್ಸನ್ 1954ರಲ್ಲಿ ಸಾರ್ವಜನಿಕ ಸರಕೆಂದು ಗುರುತಿಸಿದರು. ಈ ಅಳತೆಗೆ ಕಾಲುವೆಯ ನೀರು ನಿಲ್ಲದು. ಮೇಲಿನ ಗದ್ದೆ ಕುಡಿದದ್ದು ಕೆಳಗಿನ ಗದ್ದೆಗಿಲ್ಲ. ಆದರೆ ಹೂಳೆತ್ತುವುದು, ಏರಿ ಕಾಯುವುದು, ಸರದಿ ತಪ್ಪದಂತೆ ನೋಡುವುದು ಆ ಕಾಲುವೆಯವರಿಗೆಲ್ಲ ಸಾರ್ವಜನಿಕ ಸರಕೇ. ಗುದ್ದಲಿ ಹಿಡಿಯದವನ ಹೊಲಕ್ಕೂ ಅದರ ಫಲ ಹರಿಯುತ್ತದೆ. ಹೊಸಪೇಟೆ, ಗಾದಿಗನೂರು, ಕಂಪ್ಲಿ ಸೀಮೆಯ ನೀರಾವರಿಯ ತೊಡಕು ನೀರು ಮತ್ತು ಈ ದುಡಿಮೆಯ ನಂಟಿನಲ್ಲಿದೆ ಎಂಬುದು ಈ ಲೇಖನದ ವಾದ.

ಈ ಸೀಮೆಯನ್ನಾಳಿದ ವಿಜಯನಗರದ ಅರಸರಿಗೆ ಈ ಸಮಸ್ಯೆ ಗೊತ್ತಿತ್ತು. ಕೃಷ್ಣದೇವರಾಯ ಕಟ್ಟಿಸಿದ ಕೆರೆಯ ನೀರು ಹಾಯುವ ಜಮೀನಿಗೆ 9 ವರ್ಷ ಕಂದಾಯ ಬಿಟ್ಟಿದ್ದನೆಂದೂ, ಅದರಿಂದ ಹುಟ್ಟುವಳಿ 20,000 ಪರ್ದಾವ್ ಚಿನ್ನದ ನಾಣ್ಯಗಳಿಗೆ ಏರಿತೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಕೆರೆ ಕಟ್ಟಿದವರಿಗೆ, ಕಾಯ್ದವರಿಗೆ ಕಟ್ಟುಕೊಡಗೆಯಾಗಿ, ದಶವಂದವಾಗಿ ಭೂಮಿ ಬಿಟ್ಟ ಶಾಸನಗಳಂತೂ ಹೇರಳ. ಕೈಕಟ್ಟಿ ಕೂತು ಉಣ್ಣುವ ಆಸೆಗೆ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಸೂಚಿಸಿದ ಮದ್ದೂ ಇದೇ: ದುಡಿದವನಿಗಷ್ಟೇ ದಕ್ಕುವ ಲಾಭ.

ಇಂಥ ಸಹಕಾರವನ್ನು ವಿವರಿಸುವ ಅರ್ಥಶಾಸ್ತ್ರ ಪಠ್ಯಪುಸ್ತಕದ ಆಟಗಳಲ್ಲಿ ಆಟಗಾರರು ಸಾಮಾನ್ಯವಾಗಿ ಸಮಬಲರು. ಕಾಲುವೆಯಲ್ಲಿ ಹಾಗಲ್ಲ. ಒಂದು ಊಹೆಯ ಲೆಕ್ಕ ನೋಡೋಣ. ಹೂಳೆತ್ತಲು 8 ಆಳಿನ ಖರ್ಚು. ಮೇಲಿನವನಿಗೆ ಅದರ ಲಾಭ 5, ಕೆಳಗಿನವನಿಗೆ 7. ಇಬ್ಬರಲ್ಲಿ ಯಾರೊಬ್ಬನೇ ಮಾಡಿದರೂ ಮಾಡಿದವನಿಗೆ ನಷ್ಟ. ತಲಾ 4 ಆಳು ಹಾಕಿದರೆ ಮೇಲಿನವನಿಗೆ 1, ಕೆಳಗಿನವನಿಗೆ 3 ಉಳಿಯುತ್ತದೆ. ಹೂಳು ತೆಗೆದ ಮೇಲೆ ಮೇಲಿನವನು ತೂಬು ಪೂರ್ತಿ ಎತ್ತಿ ಭತ್ತ ಹಾಕಿದರೆ ಅವನಿಗೆ ಇನ್ನೂ 3 ಸಿಗುತ್ತದೆ, ಕೆಳಗಿನವನ ದುಡಿಮೆ ಹೊಳೆಪಾಲು. ಮುಂದಿನ ವರ್ಷ ಕೆಳಗಿನವನು ಗುದ್ದಲಿ ತರುವುದಿಲ್ಲ. ಮೇಲಿನವನ ಸಂಯಮ, ಹಾಗಾದರೆ, ಒಳ್ಳೆಯತನವೇನಲ್ಲ. ಕೆಳಗಿನವನ ತೋಳ್ಬಲಕ್ಕೆ ಕೊಡುವ ಬೆಲೆ. ನೇಪಾಳದ ರೈತರೇ ಕಟ್ಟಿಕೊಂಡ ಕಾಲುವೆಗಳಲ್ಲಿ ಎಲಿನರ್ ಆಸ್ಟ್ರಮ್ ಕಂಡದ್ದೂ ಇಂಥದೇ ಪರಸ್ಪರ ಅವಲಂಬನೆ.

ಹೂಳೆತ್ತುವ ಕೆಲಸವನ್ನು ಸರ್ಕಾರ ವಹಿಸಿಕೊಂಡರೆ ಲೆಕ್ಕ ತಲೆಕೆಳಗು. ಮೇಲಿನವನಿಗೆ ಆಳಿನ ಖರ್ಚಿಲ್ಲದೆ 5 ಮತ್ತು 3 ಎರಡೂ ಸಿಗುತ್ತವೆ, ಕೆಳಗಿನವನ ಹಂಗಿಲ್ಲ. ತುಂಗಭದ್ರೆಯಲ್ಲಿ ಆದದ್ದೂ ಹೀಗೆಯೇ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಅಚ್ಚುಕಟ್ಟಿನ ದೊಡ್ಡ ಭಾಗ ಜೋಳ, ಹತ್ತಿಯಂಥ ಅರೆ ನೀರಾವರಿ ಬೆಳೆಗೆ ಗೊತ್ತುಪಡಿಸಿದ್ದು. ನಡೆದದ್ದು ಬೇರೆ. ಎಡದಂಡೆ ನಾಲೆಯ ಮೇಲ್ಭಾಗ ಭತ್ತದ ಗದ್ದೆಯಾಗಿ, ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗಿಳಿಯಬೇಕಾಯಿತು. ಪೀಟರ್ ಮೊಲಿಂಗಾ ಈ ಜಗಳವನ್ನು ತೂಬು ತೂಬಿನ ಮಟ್ಟದಲ್ಲಿ ದಾಖಲಿಸಿದ್ದಾರೆ. 2000ದಲ್ಲಿ ರಾಜ್ಯದ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹೊಣೆ ಹಂಚಲಾಯಿತು. ನನ್ನ ತಕರಾರು ಇಷ್ಟೇ: ಮೇಲಿನವನಿಗೆ ಬೇಕಾದದ್ದು ಯಾವುದೂ ಸಂಘದ ಕೈಯಲ್ಲಿಲ್ಲದಿದ್ದರೆ ಅವನು ಸಭೆಗೆ ಏಕೆ ಬಂದಾನು?

ಹೊಳೆಯ ಕೆಳಹರಿವಿನ ಕರ್ನೂಲು ಜಿಲ್ಲೆಯಲ್ಲಿ ರಾಬರ್ಟ್ ವೇಡ್ ಮಾಡಿದ ಅಧ್ಯಯನ (1988) ಇಲ್ಲಿ ಹೆಚ್ಚು ಉಪಯುಕ್ತ. ನಾಲೆಯ ಕೊನೆಗಿರುವ ಊರುಗಳೇ ಒಗ್ಗೂಡಿ ನೀರುಗಂಟಿಗಳನ್ನೂ ಹೊಲ ಕಾಯುವವರನ್ನೂ ನೇಮಿಸಿಕೊಂಡಿದ್ದವು. ನೀರು ಸಮೃದ್ಧವಾದ ಮೇಲಿನ ಊರುಗಳಿಗೆ ಆ ಗೊಡವೆ ಬೇಕಿರಲಿಲ್ಲ. ಊರೊಟ್ಟಿನ ಹಣದ ಮುಖ್ಯ ಮೂಲ ಮನೆಮನೆಯ ವಂತಿಗೆಯಲ್ಲ, ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುವ ಹಕ್ಕಿನ ಹರಾಜು. ವಂತಿಗೆ ಎತ್ತಹೊರಟರೆ ಕೊಡದೆ ಜಾರಿಕೊಳ್ಳುವವರ ಸಮಸ್ಯೆ ಅಲ್ಲೇ ಮರುಹುಟ್ಟು ಪಡೆಯುತ್ತಿತ್ತು. ಹರಾಜಿನ ದುಡ್ಡು ಹೊರಗಿನ ಕುರಿಗಾರರಿಂದ ಊರಿನ ಕೈ ಸೇರುತ್ತಿತ್ತು.