73ನೇ ವಯಸ್ಸಲ್ಲಿ, 700 ಸೀಟಿನ ಹಾಲ್‌ನಲ್ಲಿ

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ರಾತ್ರಿಯ ಕಥೆ. 2008ರ ಮೇ 11, ಭಾನುವಾರ. ಊರು ಫ್ರೆಡೆರಿಕ್ಟನ್. ಕೆನಡಾದ ಪೂರ್ವ ತುದಿಯಲ್ಲಿರುವ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ರಾಜಧಾನಿ. ರಾಜಧಾನಿ ಅಂದ ತಕ್ಷಣ ಬೆಂಗಳೂರನ್ನ ನೆನಪಿಸ್ಕೋಬೇಡಿ, ಆಗ ಅಲ್ಲಿದ್ದ ಜನ ಸುಮಾರು 50 ಸಾವಿರ. ಊರಲ್ಲಿ ಪ್ಲೇಹೌಸ್ ಅಂತ ಒಂದು ರಂಗಮಂದಿರ ಇದೆ, 1964ರದ್ದು. ಹೆಚ್ಚೂಕಡಿಮೆ 700 ಸೀಟು. ನಮ್ಮ ರವೀಂದ್ರ ಕಲಾಕ್ಷೇತ್ರಕ್ಕಿಂತಲೂ ಚಿಕ್ಕದು.

ಆ ವೇದಿಕೆಗೆ ಅವತ್ತು ಬಂದು ನಿಂತವರು ಲಿಯೊನಾರ್ಡ್ ಕೋಹೆನ್. ವಯಸ್ಸು 73. ಸೂಟು, ತಲೆ ಮೇಲೊಂದು ಹ್ಯಾಟು. ಹಾಡಿನ ಪ್ರವಾಸ ನಿಲ್ಲಿಸಿ ಹತ್ತಿರ ಹತ್ತಿರ 15 ವರ್ಷ ಆಗಿತ್ತು.

ಹೆಸರು ಗೊತ್ತಿಲ್ವಾ? ಹಾಡು ಖಂಡಿತ ಗೊತ್ತಿರುತ್ತೆ. 'ಹಾಲೆಲೂಯ' ಬರೆದದ್ದು ಇವರೇ. ಅದು ಇದ್ದ ಆಲ್ಬಂ ಬಂದದ್ದು 1984ರಲ್ಲಿ. ಅವರದೇ ರೆಕಾರ್ಡ್ ಕಂಪನಿ ಅದನ್ನ ಅಮೆರಿಕದಲ್ಲಿ ಬಿಡುಗಡೆ ಮಾಡೋಕೆ ಒಪ್ಪಿರಲಿಲ್ಲ. 1991ರಲ್ಲಿ ಜಾನ್ ಕೇಲ್, 1994ರಲ್ಲಿ ಜೆಫ್ ಬಕ್ಲಿ ಆ ಹಾಡನ್ನ ತಮ್ಮದೇ ರೀತಿಯಲ್ಲಿ ಹಾಡಿದ್ರು. 2001ರಲ್ಲಿ 'ಶ್ರೆಕ್' ಸಿನಿಮಾಕ್ಕೂ ಬಂತು. ಆಮೇಲೆ ರಿಯಾಲಿಟಿ ಶೋಗಳು ಅದನ್ನ ಬಿಡಲೇ ಇಲ್ಲ. ಹಾಡು ಲೋಕ ಸುತ್ತುತ್ತಾ ಇತ್ತು, ಬರೆದ ಮನುಷ್ಯ ಮಾತ್ರ ಮನೆಯಲ್ಲಿದ್ದರು.

ಮತ್ತೆ ಈ ವಯಸ್ಸಲ್ಲಿ ಯಾಕೆ ಹೊರಟ್ರು? ಉತ್ತರ ಅಷ್ಟೇನೂ ಕಾವ್ಯಮಯವಾಗಿಲ್ಲ. ದುಡ್ಡು ಹೋಗಿತ್ತು.

2004ರ ಕೊನೆಗೆ ಕೋಹೆನ್‌ಗೆ ಒಂದು ವಿಷಯ ಗೊತ್ತಾಯ್ತು. ಬಹಳ ವರ್ಷ ಅವರ ವ್ಯವಹಾರ ನೋಡ್ಕೊಂಡಿದ್ದ ಮ್ಯಾನೇಜರ್, ನಿವೃತ್ತಿಗೆ ಅಂತ ಇಟ್ಟಿದ್ದ ಹಣವನ್ನ ಬಹುತೇಕ ಖಾಲಿ ಮಾಡಿದ್ದರು. ಸುಮಾರು 50 ಲಕ್ಷ ಡಾಲರ್ ಇರಬೇಕಾದಲ್ಲಿ ಉಳಿದಿದ್ದದ್ದು ಒಂದೂವರೆ ಲಕ್ಷ. ಹಾಡುಗಳ ಪ್ರಕಟಣಾ ಹಕ್ಕುಗಳೂ ಮಾರಾಟವಾಗಿದ್ದವು. 2005ರಲ್ಲಿ ಕೋರ್ಟಿಗೆ ಹೋದ್ರು. 2006ರಲ್ಲಿ ತೀರ್ಪೂ ಅವರ ಪರವಾಗಿ ಬಂತು, ಸುಮಾರು 90 ಲಕ್ಷ ಡಾಲರ್ ಕೊಡಬೇಕು ಅಂತ. ತೀರ್ಪು ಕೈಗೆ ಸಿಗೋದು ಬೇರೆ, ದುಡ್ಡು ಕೈಗೆ ಬರೋದು ಬೇರೆ. ಕೋರ್ಟು ಕಚೇರಿ ಅಲೆದ ಮನೆಯವರು ನಿಮ್ಮಲ್ಲಿ ಯಾರಿಗಾದ್ರೂ ಇದ್ರೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹಾಡು ಬರೆಯೋರಿಗೆ ಪಿಂಚಣಿ ಅಂದ್ರೆ ಹಾಡುಗಳ ಹಕ್ಕೇ. ಅದೂ ಹೋದ ಮೇಲೆ ಉಳಿಯೋದು ಗಂಟಲು ಮತ್ತು ವೇದಿಕೆ. ಆದ್ರೆ ಕೋಹೆನ್ ವಿಷಯದಲ್ಲಿ ವೇದಿಕೆಯೇ ಹಳೇ ಶತ್ರು. ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಫ್ರೆಡೆರಿಕ್ಟನ್ ಅರ್ಥ ಆಗೋದು ಇಲ್ಲಿಂದಲೇ.

ಅವರು ಮೊದಲು ಕವಿ, ಕಾದಂಬರಿಕಾರ. ಮಾಂಟ್ರಿಯಲ್‌ನವರು, ಹುಟ್ಟಿದ್ದು 1934ರಲ್ಲಿ. ಮೊದಲ ಆಲ್ಬಂ ಬಂದಾಗ 33 ವರ್ಷ, ಪಾಪ್ ಲೋಕದ ಲೆಕ್ಕದಲ್ಲಿ ಆಗಲೇ ಹಿರಿಯರು. 1967ರಲ್ಲಿ ಗಾಯಕಿ ಜೂಡಿ ಕಾಲಿನ್ಸ್ ಅವರನ್ನ ನ್ಯೂಯಾರ್ಕಿನ ವೇದಿಕೆಗೆ ಹೆಚ್ಚೂಕಡಿಮೆ ತಳ್ಳಿದ್ರು. ಹಾಡು ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, ಕೋಹೆನ್ ಒಳಗೆ ನಡೆದುಬಿಟ್ಟರು. ಕಾಲಿನ್ಸ್ ವಾಪಸ್ ಕರ್ಕೊಂಡು ಬರಬೇಕಾಯ್ತು. 1970ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ಉತ್ಸವದಲ್ಲಿ ಲಕ್ಷಗಟ್ಟಲೆ ಜನರ ಮುಂದೆ ನಡುರಾತ್ರಿ ಕಳೆದ ಮೇಲೆ ಹಾಡಿ, ರೊಚ್ಚಿಗೆದ್ದಿದ್ದ ಜನರನ್ನ ಶಾಂತ ಮಾಡಿದ್ದೂ ಇದೇ ಮನುಷ್ಯ. ಎರಡು ವರ್ಷ ಬಿಟ್ಟು ಜೆರುಸಲೆಮ್‌ನಲ್ಲಿ, ಹಾಡು ಸರಿ ಬರ್ತಿಲ್ಲ ಅಂತ ಮತ್ತೆ ವೇದಿಕೆ ಬಿಟ್ಟು ಹೋದ್ರು. ಡ್ರೆಸ್ಸಿಂಗ್ ರೂಮಲ್ಲಿ ಗಡ್ಡ ಬೋಳಿಸ್ಕೊಂಡು ವಾಪಸ್ ಬಂದ್ರು. ನಾನು ಕಥೆ ಕಟ್ತಿಲ್ಲ, ಟೋನಿ ಪಾಮರ್ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅದು ದಾಖಲಾಗಿದೆ. 1993ರ ಪ್ರವಾಸದಲ್ಲಿ ವೈನ್ ಕುಡಿಯದೆ ವೇದಿಕೆ ಹತ್ತೋಕೆ ಆಗದ ಸ್ಥಿತಿ, ಅದೂ ಗ್ಲಾಸಿನ ಲೆಕ್ಕವಲ್ಲ, ಬಾಟಲಿಯ ಲೆಕ್ಕ.

ಆ ಪ್ರವಾಸ ಮುಗಿಸಿ ಅವರು ಹೋದದ್ದು ಲಾಸ್ ಏಂಜಲೀಸ್ ಹತ್ತಿರದ ಮೌಂಟ್ ಬಾಲ್ಡಿಯ ಝೆನ್ ಮಠಕ್ಕೆ. 1996ರಲ್ಲಿ ದೀಕ್ಷೆ ತಗೊಂಡ್ರು. ಅಲ್ಲಿನ ಬದುಕು: ನಸುಕಿಗೆ ಏಳೋದು, ವಯಸ್ಸಾದ ಗುರುವಿಗೆ ಅಡುಗೆ ಮಾಡೋದು. 1999ರಲ್ಲಿ ಮಠ ಬಿಟ್ಟು ಮುಂಬೈಗೆ ಬಂದ್ರು. ಹೌದು, ನಮ್ಮ ಮುಂಬೈಗೇ. ಅಲ್ಲಿ ರಮೇಶ್ ಬಾಲ್ಸೇಕರ್ ಅಂತ ಅದ್ವೈತ ಹೇಳುವವರಿದ್ರು, ಬ್ಯಾಂಕ್ ಆಫ್ ಇಂಡಿಯಾದ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಬೆಳಿಗ್ಗೆ ಅವರ ಮನೆಯಲ್ಲಿ ಸತ್ಸಂಗ, ಕೋಹೆನ್ ಅದರಲ್ಲಿ ಕೂತ್ಕೋತಿದ್ರು. ದಶಕಗಳಿಂದ ಬೆನ್ನಿಗಂಟಿದ್ದ ಖಿನ್ನತೆ ಆ ಹೊತ್ತಿಗೆ ನಿಧಾನವಾಗಿ ಸಡಿಲಾಯ್ತು. ಯಾಕೆ ಅಂತ ಕೇಳಿದ್ರೆ ಅವರು ಅಧ್ಯಾತ್ಮದ ಭಾಷಣ ಮಾಡ್ತಿರಲಿಲ್ಲ. ವಯಸ್ಸಾದಂತೆ ಆತಂಕಕ್ಕೆ ಸಂಬಂಧಿಸಿದ ಮಿದುಳಿನ ಕೋಶಗಳು ಸಾಯ್ತವಂತೆ, ಎಲ್ಲೋ ಓದಿದೆ ಅಂತಿದ್ರು. ಅವರ ಬಗ್ಗೆ ನನಗೆ ತುಂಬಾ ಇಷ್ಟವಾಗೋ ವಿಷಯ ಇದು.

ಈಗ 2008ಕ್ಕೆ ವಾಪಸ್ ಬರೋಣ. ಪ್ರವಾಸ ಮಾಡಿಸ್ತೀನಿ ಅಂತ ಒಬ್ಬ ಸಂಘಟಕ ಮುಂದೆ ಬಂದ. ಕೋಹೆನ್‌ಗೆ ಜನ ಬರ್ತಾರೆ ಅನ್ನೋ ನಂಬಿಕೆಯೇ ಇರಲಿಲ್ಲ. ತಾಲೀಮು ಮಾಡಿ ನೋಡೋಣ, ಸರಿ ಬರದಿದ್ರೆ ಅಲ್ಲಿಗೇ ಬಿಡೋಣ ಅನ್ನೋ ಮಾತಿನ ಮೇಲೆ ಒಪ್ಪಿದ್ರು. ಲಾಸ್ ಏಂಜಲೀಸ್‌ನಲ್ಲಿ ತಿಂಗಳುಗಟ್ಟಲೆ ತಾಲೀಮು ನಡೀತು. ಸಾಮಾನ್ಯವಾಗಿ ಇಷ್ಟು ದಿನ ಯಾರೂ ತಾಲೀಮಿಗೆ ದುಡ್ಡು ಸುರಿಯೋದಿಲ್ಲ. ಸಂಗೀತದ ಉಸ್ತುವಾರಿ ರಾಸ್ಕೋ ಬೆಕ್ ಅವರದು. ಸ್ಪೇನ್‌ನಿಂದ ಹಾವಿಯೆರ್ ಮಾಸ್, ಅವರ ಕೈಯಲ್ಲಿ ಅಲ್ಲಿನ ಹಳೇ ತಂತಿವಾದ್ಯಗಳು. ಹಾಡುಗಳ ಸಹಲೇಖಕಿ ಶರೋನ್ ರಾಬಿನ್‌ಸನ್ ಮತ್ತು ವೆಬ್ ಸೋದರಿಯರ ದನಿ. ಕೋಹೆನ್ ಅವರ ದನಿ ಅಷ್ಟು ಹೊತ್ತಿಗೆ ಪಾತಾಳಕ್ಕೆ ಇಳಿದಿತ್ತು, ಸ್ವರ ಬಾಗಿಸೋ ಗೋಜಿಗೇ ಹೋಗ್ತಿರಲಿಲ್ಲ. ಸುತ್ತಲಿನವರು ಆ ದನಿಗೆ ಜಾಗ ಬಿಟ್ಟು ನುಡಿಸೋದನ್ನ ಕಲೀಬೇಕಿತ್ತು. ಮೂರು ತಿಂಗಳು ಹೋದದ್ದು ಬಹುಶಃ ಅದಕ್ಕೇ.

ಆಮೇಲೆ ಲಂಡನ್ನೂ ಅಲ್ಲ, ನ್ಯೂಯಾರ್ಕೂ ಅಲ್ಲ, ಫ್ರೆಡೆರಿಕ್ಟನ್.

ಈ ಚಿಕ್ಕ ಹಾಲ್ ಬಗ್ಗೆ ಬರೆಯೋರು 'ಆತ್ಮೀಯ ವಾತಾವರಣ' ಅಂತ ಕಣ್ಣರಳಿಸಿ ಬರೀತಾರೆ. ಇರಬಹುದು. ಆದ್ರೆ ನನಗನ್ನಿಸೋದು, ಅದು ಆತ್ಮೀಯತೆಗಿಂತ ಮೊದಲು ಎಚ್ಚರಿಕೆ. ಗಂಟಲು ಕೈಕೊಟ್ಟರೆ, ಸಾಲು ಮರೆತರೆ, 1972ರ ಹಾಗೆ ಕಾಲು ತಾನಾಗೇ ಒಳಗೆ ನಡೆದರೆ, ಅದು 700 ಜನರ ಮುಂದೆ ಆಗಲಿ, 20 ಸಾವಿರ ಜನರ ಮುಂದೆ ಬೇಡ. ಕೆನಡಾದ ಪೂರ್ವ ಕರಾವಳಿಯ ಸಣ್ಣ ಊರುಗಳ ಆ ಮೊದಲ ಕಾರ್ಯಕ್ರಮಗಳು ಪ್ರವಾಸದ ಅಭ್ಯಾಸ ಪಂದ್ಯಗಳಿದ್ದ ಹಾಗೆ. ಸಣ್ಣ ಹಾಲ್‌ನಲ್ಲಿ ಇನ್ನೊಂದು ಕಷ್ಟ ಇದೆ. ಲಕ್ಷ ಜನ ಕತ್ತಲೆಯಲ್ಲಿ ಸಮುದ್ರದ ಹಾಗೆ ಕಾಣ್ತಾರೆ. 700 ಜನ ಮುಖವಾಗಿ ಕಾಣ್ತಾರೆ. ಮೂರನೇ ಸಾಲಲ್ಲಿ ಒಬ್ಬರು ಆಕಳಿಸಿದ್ರೂ ಗೊತ್ತಾಗುತ್ತೆ.

ಅವತ್ತು ಯಾರೂ ಒಳಗೆ ನಡೆದು ಹೋಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು.

ಮುಂದಿನದನ್ನ ಬೇಗ ಹೇಳಿಬಿಡ್ತೀನಿ. ಜೂನ್ 29ಕ್ಕೆ ಗ್ಲಾಸ್ಟನ್‌ಬರಿ ಉತ್ಸವ, ಜುಲೈ 17ಕ್ಕೆ ಲಂಡನ್ನಿನ ಓ2 ಅರೇನಾ. 700 ಸೀಟಿನಿಂದ ಅಲ್ಲಿಗೆ ಎರಡೇ ತಿಂಗಳು ಚಿಲ್ಲರೆ. 2010ರ ಕೊನೆಯವರೆಗೆ ಇನ್ನೂರಕ್ಕೂ ಹೆಚ್ಚು ಕಾರ್ಯಕ್ರಮ, ಒಂದೊಂದೂ ಮೂರು ಗಂಟೆ ಆಸುಪಾಸು. 2009ರ ಸೆಪ್ಟೆಂಬರ್ 18ರಂದು ಸ್ಪೇನ್‌ನ ವೇಲೆನ್ಸಿಯಾದಲ್ಲಿ ಹಾಡ್ತಾ ಹಾಡ್ತಾ ವೇದಿಕೆ ಮೇಲೇ ಕುಸಿದುಬಿದ್ರು. ಮೂರು ದಿನ ಬಿಟ್ಟು 75ನೇ ಹುಟ್ಟುಹಬ್ಬದಂದು ಬಾರ್ಸಿಲೋನಾದಲ್ಲಿ ಮತ್ತೆ ನಿಂತು ಹಾಡಿದ್ರು. ಕಳೆದುಕೊಂಡಷ್ಟು ದುಡ್ಡು ವಾಪಸ್ ಬಂದ ಮೇಲೂ ನಿಲ್ಲಿಸಲಿಲ್ಲ. 2012ರಲ್ಲಿ ಮತ್ತೆ ಹೊರಟ್ರು. ಕೊನೆಯ ಕಾರ್ಯಕ್ರಮ 2013ರ ಡಿಸೆಂಬರ್ 21ರಂದು ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ಆಗ ವಯಸ್ಸು 79. 2016ರ ನವೆಂಬರ್ 7ರಂದು ತೀರಿಕೊಂಡ್ರು.

ಕೇಳ್ಬೇಕು ಅನ್ನಿಸಿದ್ರೆ ಲಂಡನ್ ರಾತ್ರಿಯ ಆಲ್ಬಂ ನಿಮ್ಮ ಫೋನಲ್ಲೇ ಸಿಗುತ್ತೆ. ಹಿಂದಿನ ಸಲ ವೇದಿಕೆ ಹತ್ತಿದಾಗ ಅರವತ್ತು ವರ್ಷದ ಹುಡುಗ ಆಗಿದ್ದೆ ಅಂತ ಅವರು ಜೋಕ್ ಮಾಡೋದು ಅದರಲ್ಲೇ. ಸಾಧ್ಯವಾದ್ರೆ ವಿಡಿಯೊ ನೋಡಿ. ಬೇರೆಯವರು ಸೋಲೊ ನುಡಿಸೋವಾಗ ಕ್ಯಾಮೆರಾ ಅವರ ಮೇಲಿದ್ರೂ ಪಕ್ಕದಲ್ಲಿ ಕೋಹೆನ್ ಏನ್ ಮಾಡ್ತಿದ್ದಾರೆ ಗಮನಿಸಿ. ಹ್ಯಾಟು ತೆಗೆದು ಎದೆಗಿಟ್ಟುಕೊಂಡು, ತಲೆ ಬಾಗಿಸಿ ಕೇಳ್ತಾ ನಿಂತಿರ್ತಾರೆ.